ಹಿಂದಿನ ಸಾಲಿನ ಸದ್ದು

ಅಮೆರಿಕಕ್ಕೆ ಹೋಗಿಬಂದ ನನ್ನಂಥ ನಿವೃತ್ತರನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ನಯಾಗರ ನೋಡಿದಿರಾ ಸಾರ್?" ನೋಡಿದೆ. ಅದರ ಬಗ್ಗೆ ನನಗಿಂತ ಮೊದಲು ಹೋದವರು ಸಾಕಷ್ಟು ಬರೆದಿದ್ದಾರೆ. ಹೊಸದಾಗಿ ಸೇರಿಸಲು ನನ್ನಲ್ಲೇನೂ ಇಲ್ಲ. 2022ರ ಸೆಪ್ಟೆಂಬರ್‌ನಿಂದ 2023ರ ಫೆಬ್ರವರಿಯವರೆಗೆ ಮಿಷಿಗನ್ ರಾಜ್ಯದಲ್ಲಿ ಮಗಳ ಮನೆಯಲ್ಲಿದ್ದಾಗ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಜಲಪಾತದ ಭೋರ್ಗರೆತವಲ್ಲ, ನೆರೆಮನೆಯ ಹಳೆಯ ಪಿಕಪ್ ಟ್ರಕ್ಕಿನ ಹಿಂಬದಿಯಿಂದ ಬರುತ್ತಿದ್ದ ಸದ್ದು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ವಿಜ್ಞಾನ, ಗಣಿತ ಹೇಳಿಕೊಟ್ಟವನಿಗೆ ಹಿಂದಿನ ಸಾಲಿನ ಸದ್ದು ಹೊಸತೇನಲ್ಲ ಎಂದು ನನ್ನ ವಿದ್ಯಾರ್ಥಿಗಳು ನಗಬಹುದು. ನಗಲಿ. ಆ ಸದ್ದಿನ ಹಿಂದೆ ಒಬ್ಬ ತಾಯಿಯ ಜೀವದ ಪ್ರಶ್ನೆ ಇತ್ತು. ಆದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮಗಳ ಊರು ಡೆಟ್ರಾಯಿಟ್ ನಗರದಿಂದ ಸುಮಾರು ಒಂದು ಗಂಟೆಯ ದಾರಿ. ಎದುರುಮನೆಯಲ್ಲಿ ಎಪ್ಪತ್ತೈದು ದಾಟಿದ ದಂಪತಿಗಳು. ಯಜಮಾನರು ನಿವೃತ್ತರು, ಮಿತಭಾಷಿಗಳು. ಅವರ ಪತ್ನಿಗೆ ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ್ದರಿಂದ ವಾರಕ್ಕೆ ಮೂರು ದಿನ ಡಯಾಲಿಸಿಸ್. ಸೋಮವಾರ, ಬುಧವಾರ, ಶುಕ್ರವಾರ ಬೆಳಗಿನ ಆರಕ್ಕೆ ಮನೆ ಬಿಡಬೇಕು. ನಮ್ಮಲ್ಲಿ ಮಳೆ ಬಂದರೆ ಶಾಲೆಗೆ ರಜೆ ಕೊಡಬಹುದು. ಡಯಾಲಿಸಿಸ್‌ಗೆ ರಜೆ ಇಲ್ಲ. ಅವರ ಮನೆ ತಗ್ಗಿನಲ್ಲಿದೆ. ರಸ್ತೆಗೆ ಬರಲು ನಲವತ್ತು ಗಜದಷ್ಟು ಕಡಿದಾದ ಏರನ್ನು ಹತ್ತಬೇಕು. ಚಳಿಗಾಲದಲ್ಲಿ ಆ ಏರು ಹಿಮಗಟ್ಟಿ ಗಾಜಿನಂತಾಗುತ್ತದೆ. ಅದನ್ನು ತಪ್ಪದೆ ಹತ್ತುತ್ತಿದ್ದುದು 2001ನೆಯ ಇಸವಿಯ ಆ ಟ್ರಕ್ ಒಂದೇ. ಕಾರಣ, ಅದರ ಹಿಂದಿನ ಆಕ್ಸಲ್‌ನಲ್ಲಿ ತಾನಾಗಿ ಬಿಗಿದುಕೊಳ್ಳುವ, 'ಲಾಕರ್' ಎಂದು ಕರೆಯುವ ಡಿಫರೆನ್ಷಿಯಲ್ ಇದೆ.

ಅಕ್ಟೋಬರ್‌ನಲ್ಲಿ ಒಂದು ವರ್ಕ್‌ಶಾಪಿನವರು ಆ ಟ್ರಕ್ಕನ್ನು ಒಂದು ಸುತ್ತು ಓಡಿಸಿ, "ಡಿಫರೆನ್ಷಿಯಲ್ ಹೋಗಿದೆ, ಹಿಂದಿನ ಭಾಗವನ್ನು ಪೂರ್ತಿ ಬಿಚ್ಚಿ ಕಟ್ಟಬೇಕು" ಎಂದು ಮೂರು ಸಾವಿರ ಡಾಲರಿಗೂ ಮೀರಿದ ಅಂದಾಜುಪಟ್ಟಿ ಕೊಟ್ಟಿದ್ದರು. ಗಾಡಿಯ ಬೆಲೆಯೇ ಅಷ್ಟು ಇರಲಾರದು. ಮಾರಿಬಿಟ್ಟರೆ ಬೇರೆಯದನ್ನು ಕೊಳ್ಳುವ ಶಕ್ತಿ ಇಲ್ಲ. ಇಟ್ಟುಕೊಂಡು ಓಡಿಸಿದರೆ ಯಾವ ಮುಂಜಾನೆ ನಡುದಾರಿಯಲ್ಲಿ ಕೈಕೊಡುವುದೋ ಎಂಬ ಭಯ. ಬೇಲಿಯ ಬಳಿ ನಿಂತು ಆ ಹಿರಿಯರು ಈ ಮಾತು ಹೇಳಿದಾಗ ನನಗೆ ಒಂದೇ ಪ್ರಶ್ನೆ ಹೊಳೆಯಿತು. "ಸದ್ದು ಯಾವಾಗ ಬರುತ್ತದೆ?" ಎಂದು ಕೇಳಿದೆ. "ಯಾವಾಗಲೂ ಬರುತ್ತದೆ" ಎಂದರು. ಯಾವಾಗಲೂ ಎನ್ನುವುದು ಉತ್ತರವಲ್ಲ ಎಂಬುದು ಮೇಷ್ಟರಾದವರಿಗೆಲ್ಲ ಗೊತ್ತು. "ಇವನು ಯಾವಾಗಲೂ ಗಲಾಟೆ ಮಾಡುತ್ತಾನೆ ಸಾರ್" ಎಂದು ಚಾಡಿ ಹೇಳುವ ಹುಡುಗನನ್ನು ನಿಲ್ಲಿಸಿ ಕೇಳಿದರೆ, ಗಲಾಟೆ ಆಗುವುದು ಊಟದ ನಂತರದ ಅವಧಿಯಲ್ಲಿ, ಅದೂ ಕಿಟಕಿಯ ಪಕ್ಕ ಕುಳಿತಾಗ ಮಾತ್ರ ಎಂದು ತಿಳಿಯುತ್ತದೆ.

ಮುಂದಕ್ಕೆ ಹೋಗುವ ಮೊದಲು ಡಿಫರೆನ್ಷಿಯಲ್ ಎಂದರೇನು ಎಂಬುದನ್ನು ನೆನಪಿಸಿಕೊಳ್ಳೋಣ. ಆಗಸ್ಟ್ 15ರ ಪಥಸಂಚಲನದಲ್ಲಿ ನಾಲ್ಕು ಜನರ ಸಾಲು ಎಡಕ್ಕೆ ತಿರುಗುವಾಗ ಒಳಬದಿಯ ಹುಡುಗ ನಿಂತಲ್ಲೇ ಹೆಜ್ಜೆ ಹಾಕುತ್ತಾನೆ, ಹೊರಬದಿಯ ಹುಡುಗ ಉದ್ದುದ್ದ ಹೆಜ್ಜೆ ಇಡುತ್ತಾನೆ. ಆಗಲೇ ಸಾಲು ಮುರಿಯದೆ ತಿರುಗುತ್ತದೆ. ಗಾಡಿಯ ಚಕ್ರಗಳದ್ದೂ ಇದೇ ಕಥೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಉರುಳಬೇಕು. ಎತ್ತಿನ ಗಾಡಿಗೆ ಈ ತೊಂದರೆಯಿಲ್ಲ. ಅದರ ಎರಡು ಚಕ್ರಗಳೂ ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ತಿರುಗುತ್ತವೆ, ಎಳೆಯುವುದು ಎತ್ತು. ಆದರೆ ಯಂತ್ರವೇ ಚಕ್ರವನ್ನು ತಿರುಗಿಸಬೇಕಾದಾಗ, ಬಲವನ್ನೂ ಕೊಡಬೇಕು, ಬೇರೆ ಬೇರೆ ವೇಗಕ್ಕೂ ಬಿಡಬೇಕು. ಫ್ರಾನ್ಸಿನ ಗಡಿಯಾರ ತಯಾರಕ ಒನೆಸಿಫೋರ್ ಪೆಕರ್ 1820ರ ದಶಕದ ಕೊನೆಯಲ್ಲಿ ಉಗಿಬಂಡಿಗಾಗಿ ಇದಕ್ಕೊಂದು ಹಲ್ಲುಚಕ್ರಗಳ ಉಪಾಯ ಮಾಡಿದ. ಇಂದಿನ ಬಸ್ಸು, ಲಾರಿ, ಆಟೋಗಳೆಲ್ಲವೂ ಅದೇ ತತ್ತ್ವವನ್ನು ಹೊತ್ತು ಓಡುತ್ತಿವೆ.

ಈ ಉಪಾಯಕ್ಕೆ ಒಂದು ದೌರ್ಬಲ್ಯವಿದೆ. ಅದು ಎರಡು ಚಕ್ರಗಳಿಗೂ ತಿರುಗಿಸುವ ಬಲವನ್ನು ಸಮನಾಗಿ ಹಂಚುತ್ತದೆ. ಒಂದು ಚಕ್ರ ಕೆಸರಿನಲ್ಲೋ ಹಿಮದಲ್ಲೋ ಜಾರತೊಡಗಿದರೆ ಅದಕ್ಕೆ ಬೇಕಾದ ಬಲ ಅತ್ಯಲ್ಪ. ಗಟ್ಟಿನೆಲದಲ್ಲಿರುವ ಇನ್ನೊಂದು ಚಕ್ರಕ್ಕೂ ಅಷ್ಟೇ ಸಿಗುತ್ತದೆ. ಗಾಡಿ ನಿಂತಲ್ಲೇ ನಿಲ್ಲುತ್ತದೆ, ಜಾರುವ ಚಕ್ರ ಮಾತ್ರ ಗಿರಗಿರನೆ ಸುತ್ತುತ್ತದೆ. ಗದ್ದೆಯಲ್ಲಿ ಟ್ರ್ಯಾಕ್ಟರ್ ಹೊಡೆದವರಿಗೆ ಇದರ ಪರಿಹಾರ ಗೊತ್ತು: ಡಿಫರೆನ್ಷಿಯಲ್ ಲಾಕಿನ ಪೆಡಲನ್ನು ಒತ್ತಿದರೆ ಎರಡು ಚಕ್ರಗಳೂ ಒಂದಾಗಿ ತಿರುಗಿ ಗಾಡಿ ಮೇಲೇಳುತ್ತದೆ, ತಿರುಗಿಸುವ ಮುನ್ನ ಕಾಲು ತೆಗೆಯಬೇಕು.

ಆ ಟ್ರಕ್ಕಿನಲ್ಲಿ ಇದ್ದದ್ದು ಕಾಲಿನ ಕೆಲಸವನ್ನು ತಾನೇ ಮಾಡಿಕೊಳ್ಳುವ ಬಗೆ. ಈಟನ್ ಸಂಸ್ಥೆ 1973ರಲ್ಲಿ ಇಂಥದ್ದನ್ನು ಮೊದಲು ತಂದಿತು. ನಮ್ಮಲ್ಲಿ 2020ರಲ್ಲಿ ಬಂದ ಥಾರ್ ಮತ್ತು 2021ರಲ್ಲಿ ಬಂದ ಬೊಲೆರೊ ನಿಯೋ ಗಾಡಿಗಳ ಕೆಲವು ಮಾದರಿಗಳಲ್ಲಿಯೂ ಇದೇ ಬಗೆಯ ಯಾಂತ್ರಿಕ ಲಾಕ್ ಇದೆ. ಒಳಗೆ ಸ್ಪ್ರಿಂಗಿಗೆ ಕಟ್ಟಿದ ಪುಟ್ಟ ತೂಕಗಳಿವೆ. ಎರಡು ಚಕ್ರಗಳ ವೇಗದ ಅಂತರ ನಿಮಿಷಕ್ಕೆ ಸುಮಾರು 100 ಸುತ್ತನ್ನು ಮೀರಿದಾಗ ಆ ತೂಕಗಳು ಹೊರಕ್ಕೆ ಚಿಮ್ಮಿ ಒಂದು ಕೊಕ್ಕೆಗೆ ಸಿಕ್ಕಿಕೊಳ್ಳುತ್ತವೆ. ಆಗ ಒಂದರ ಮೇಲೊಂದು ಜೋಡಿಸಿದ ಕ್ಲಚ್ ಬಿಲ್ಲೆಗಳು ಅದುಮಿಕೊಂಡು ಎರಡು ಅಚ್ಚುಗಳೂ ಒಂದಾಗುತ್ತವೆ. ಗಂಟೆಗೆ ಸುಮಾರು 32 ಕಿಲೋಮೀಟರ್ ವೇಗವನ್ನು ದಾಟಿದ ಮೇಲೆ ಅದು ಬಿಗಿಯದಂತೆ ಕಾವಲಿಗೆ ಇನ್ನೊಂದು ತೂಕವಿದೆ. ವಿದ್ಯುತ್ತಿಲ್ಲ, ಗುಂಡಿಯಿಲ್ಲ, ಕಂಪ್ಯೂಟರ್ ಇಲ್ಲ. ಹತ್ತನೆಯ ತರಗತಿಯ ಭೌತಶಾಸ್ತ್ರ ಕಬ್ಬಿಣದಲ್ಲಿ ಅವತಾರವೆತ್ತಿದಂತೆ ನನಗೆ ಕಂಡಿತು.

ವಿಷಯಕ್ಕೆ ಬರೋಣ. ನಾನು ಮೆಕ್ಯಾನಿಕ್ ಅಲ್ಲ. ಮಗಳು ಅದನ್ನು ನನಗೆ ಸ್ಪಷ್ಟವಾಗಿಯೇ ಹೇಳಿದಳು. "ಅಪ್ಪ, ನೀವು ಸರಿಯಿದೆ ಅಂತ ಹೇಳಿ, ಆಮೇಲೆ ಆ ಆಂಟಿಯನ್ನು ಕರೆದುಕೊಂಡು ಹೋಗುವಾಗ ಏನಾದರೂ ಆದರೆ?" ಅವಳ ಮಾತು ನ್ಯಾಯವಾದದ್ದು. ಆದ್ದರಿಂದ ಮೊದಲೇ ಒಂದು ಕಟ್ಟಳೆ ಮಾಡಿಕೊಂಡೆವು. ಯಾವುದನ್ನೂ 'ಸರಿಯಿದೆ' ಎಂದು ನಾವು ಹೇಳುವುದಿಲ್ಲ. ಸದ್ದನ್ನು ವಿಂಗಡಿಸುತ್ತೇವೆ ಅಷ್ಟೆ. ವಿಂಗಡಿಸಿದ್ದನ್ನು ಬೇರೊಬ್ಬ ಮೆಕ್ಯಾನಿಕ್‌ನ ಮುಂದಿಟ್ಟು ಅವನ ತೀರ್ಮಾನ ಕೇಳುತ್ತೇವೆ. ವೃದ್ಧರಿಗೆ ಮಂಡಿನೋವು, ಗಾಡಿಯ ಕೆಳಗೆ ತೂರಲಾಗದು. ಅಳಿಯಂದಿರು ಸಾಫ್ಟ್‌ವೇರಿನವರಾದರೂ ಸ್ಪ್ಯಾನರ್ ಹಿಡಿದು ಅಭ್ಯಾಸವಿರುವವರು. ನನ್ನ ಪಾಲಿಗೆ ಬಂದದ್ದು ಒಂದು ನೋಟ್‌ಬುಕ್, ಒಂದು ಪೆನ್ನು ಮತ್ತು ಎರಡು ಕಿವಿ.

ಒಂದು ಶನಿವಾರ ಬೆಳಿಗ್ಗೆ ಮೂವರೂ ಹೊರಟೆವು. ಯಜಮಾನರು ಚಾಲಕರು, ಅವರ ಪಕ್ಕದಲ್ಲಿ ನಾನು, ಹಿಂದಿನ ಸೀಟಿನಲ್ಲಿ ಅಳಿಯಂದಿರು. ನೋಟ್‌ಬುಕ್ಕಿನಲ್ಲಿ ಐದು ಕಲಮು ಹಾಕಿದ್ದೆ: ವೇಗ, ನೇರವೋ ತಿರುವೋ, ಆಕ್ಸಿಲರೇಟರ್ ಒತ್ತಿದೆಯೋ ಬಿಟ್ಟಿದೆಯೋ, ಗಾಡಿ ತಣ್ಣಗಿದೆಯೋ ಬಿಸಿಯಾಗಿದೆಯೋ, ನೆಲ ಎಂಥದು. ಸದ್ದು ಕೇಳಿದಾಗಲೆಲ್ಲ ಒಂದು ಗೆರೆ. ಖಾಲಿಯಿದ್ದ ದೊಡ್ಡ ಪಾರ್ಕಿಂಗ್ ಜಾಗವೊಂದರಲ್ಲಿ ನಮ್ಮ ಲೈಸೆನ್ಸ್ ಪರೀಕ್ಷೆಯಲ್ಲಿ ಹೊಡೆಸುವಂತೆ 8 ಹೊಡೆಸಿದೆವು. ಹೆದ್ದಾರಿಯಲ್ಲಿ ವೇಗ ಏರಿಸಿ, ಕಾಲು ತೆಗೆದು ಗಾಡಿಯನ್ನು ಹಾಗೆಯೇ ಉರುಳಲು ಬಿಟ್ಟೆವು. ಒರಟು ಕಾಂಕ್ರೀಟಿನಿಂದ ಹೊಸದಾಗಿ ಹಾಕಿದ ಡಾಂಬರಿಗೆ ಹೋದೆವು. "ಪ್ರೊಫೆಸರ್, ನನಗೆ ಪರೀಕ್ಷೆ ಇಡುತ್ತಿದ್ದೀರಿ" ಎಂದು ಯಜಮಾನರು ಮೊದಲ ಸಲ ನಕ್ಕರು. ಪ್ರೊಫೆಸರ್ ಅಲ್ಲ, ಹೈಸ್ಕೂಲ್ ಮೇಷ್ಟರು ಎಂದು ಎಷ್ಟು ಸಲ ತಿದ್ದಿದರೂ ಅವರು ಕೇಳಲಿಲ್ಲ.

ಮನೆಗೆ ಬಂದು ಕಾಫಿ ಕುಡಿಯುತ್ತ ಗೆರೆಗಳನ್ನು ಕೂಡಿಸಿದಾಗ 'ಯಾವಾಗಲೂ ಬರುವ ಸದ್ದು' ನಾಲ್ಕಾಗಿ ಒಡೆದುಕೊಂಡಿತ್ತು.

ಮೊದಲನೆಯದು 'ಟಣ್'. ಗೇರನ್ನು ರಿವರ್ಸ್‌ನಿಂದ ಡ್ರೈವ್‌ಗೆ ಹಾಕಿದಾಗ ಒಂದೇ ಸಲ, ಸಣ್ಣಗೆ, ಲೋಹದ ಬಟ್ಟಲನ್ನು ತಟ್ಟಿದಂತೆ. ನಿಧಾನದ ವೇಗದಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗಲೂ ಬರುತ್ತಿತ್ತು. ಎರಡನೆಯದು 'ಗಡಗಡ'. ಗಾಡಿ ಬಿಸಿಯಾದ ಮೇಲೆ, ಬಿಗಿಯಾದ ತಿರುವಿನಲ್ಲಿ ನಿಧಾನವಾಗಿ ತಿರುಗುವಾಗ ಮಾತ್ರ. ಸದ್ದಿನ ಜೊತೆ ಸೀಟಿನ ಕೆಳಗೆ ನಡುಕ. ನೇರ ದಾರಿಯಲ್ಲಿ ಒಂದು ಸಲವೂ ಇಲ್ಲ. ಮೂರನೆಯದು 'ಢಬ್'. ಮನೆಯ ಏರಿನಲ್ಲಿ ಒದ್ದೆಯಾದ ಮೇಪಲ್ ಎಲೆಗಳ ಮೇಲೆ ಹತ್ತುವಾಗ, ಯಾರೋ ಸುತ್ತಿಗೆಯಿಂದ ಹೊಡೆದಂತೆ. ಎದೆ ಝಲ್ಲೆನ್ನಿಸುವ ಸದ್ದು ಇದೇ. ನಾಲ್ಕನೆಯದು 'ಗುಂಯ್'. ಗಂಟೆಗೆ 55 ಕಿಲೋಮೀಟರ್ ದಾಟಿದ ಮೇಲೆ ಎಡೆಬಿಡದೆ ಕೇಳುವ ಗುಂಜಾರವ.

ಒಂದೊಂದನ್ನೇ ವಿಚಾರಣೆಗೆ ಕರೆದೆವು.

ಗುಂಯ್ ಎನ್ನುವುದು ಆಕ್ಸಿಲರೇಟರ್ ಒತ್ತಿದರೂ ಬಿಟ್ಟರೂ ಬದಲಾಗಲಿಲ್ಲ. ನಮ್ಮ ಗ್ಯಾರೇಜಿನವರು 'ಕ್ರೌನ್ ಪಿನಿಯನ್' ಎನ್ನುವ ಹಲ್ಲುಚಕ್ರಗಳ ಜೋಡಿ ಸವೆದಿದ್ದರೆ, ಒತ್ತಿದಾಗ ಹಲ್ಲಿನ ಒಂದು ಬದಿ, ಬಿಟ್ಟಾಗ ಇನ್ನೊಂದು ಬದಿ ಭಾರ ಹೊರುವುದರಿಂದ ಸ್ವರ ಬದಲಾಗಬೇಕು. ಬದಲಾಗಿದ್ದು ನೆಲ ಬದಲಾದಾಗ. ಹೊಸ ಡಾಂಬರಿನ ಮೇಲೆ ಅದು ಅರ್ಧಕ್ಕರ್ಧ ಇಳಿಯಿತು. ಡಿಫರೆನ್ಷಿಯಲ್‌ಗೆ ರಸ್ತೆಯ ಮೇಲ್ಮೈ ತಿಳಿಯದು, ಟೈರಿಗೆ ತಿಳಿಯುತ್ತದೆ. ಹಾಗಾದರೆ ಹಾಡುತ್ತಿದ್ದುದರಲ್ಲಿ ದೊಡ್ಡ ಪಾಲು ಟೈರಿನದೇ.

ಟೈರುಗಳನ್ನು ನೋಡಲು ಬಗ್ಗಿದಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಹಿಂದಿನ ಎಡ ಟೈರು ಹೊಸದು, ಬಲದ್ದು ಹಳೆಯದು. ವಸಂತದಲ್ಲಿ ಒಂದು ಟೈರು ಒಡೆದಾಗ ಖರ್ಚು ಉಳಿಸಲು ಒಂದನ್ನೇ ಕೊಂಡಿದ್ದರಂತೆ. ಅಳೆದೆವು. ಹೊಸದರ ಗೀರಿನ ಆಳ 8 ಮಿಲಿಮೀಟರ್, ಹಳೆಯದರದು 3. ಎಂದರೆ ತ್ರಿಜ್ಯದಲ್ಲಿ 5, ವ್ಯಾಸದಲ್ಲಿ 10 ಮಿಲಿಮೀಟರ್ ವ್ಯತ್ಯಾಸ. ಟೈರಿನ ವ್ಯಾಸ ಸುಮಾರು 760 ಮಿಲಿಮೀಟರ್. ಹಳೆಯ ಅಭ್ಯಾಸದಂತೆ ಲೆಕ್ಕ ಮಾಡಿದೆ. ಪರಿಧಿ ಸುಮಾರು 2.39 ಮೀಟರ್. ಗಂಟೆಗೆ 96 ಕಿಲೋಮೀಟರ್ ವೇಗದಲ್ಲಿ ನಿಮಿಷಕ್ಕೆ 1600 ಮೀಟರ್, ಅಂದರೆ ಸುಮಾರು 670 ಸುತ್ತು. ಶೇಕಡಾ 1.3ರ ವ್ಯತ್ಯಾಸಕ್ಕೆ ನಿಮಿಷಕ್ಕೆ ಸುಮಾರು 9 ಸುತ್ತಿನ ಅಂತರ. ತೂಕಗಳು ಚಿಮ್ಮಲು ಬೇಕಾದ 100ಕ್ಕೆ ಇದು ಬಹಳ ಕಡಿಮೆ; ಲಾಕರ್ ಬಿಗಿದುಕೊಳ್ಳುವ ಭಯವಿಲ್ಲ. ಆದರೆ ನೇರ ದಾರಿಯಲ್ಲಿ ವಿಶ್ರಾಂತಿ ಪಡೆಯಬೇಕಾದ ಡಿಫರೆನ್ಷಿಯಲ್ ಒಂದು ಕ್ಷಣವೂ ಸುಮ್ಮನಿರುವಂತಿಲ್ಲ. ಗಂಟೆಗೆ ಐನೂರಕ್ಕೂ ಹೆಚ್ಚು ಸುತ್ತು ಅದರ ಬಿಲ್ಲೆಗಳು ಒಂದನ್ನೊಂದು ಉಜ್ಜುತ್ತಲೇ ಇರುತ್ತವೆ, ಎಣ್ಣೆ ಬಿಸಿಯಾಗುತ್ತಲೇ ಇರುತ್ತದೆ. "ಮಾವ, ಒಂದು ಟೈರಿನ ದುಡ್ಡು ಉಳಿಸಿದ್ದಕ್ಕೆ ಇಷ್ಟೊಂದೇ?" ಎಂದರು ಅಳಿಯಂದಿರು. ಗಣಿತ ಇಷ್ಟೇ ಹೇಳುತ್ತದೆ, ಉಳಿದದ್ದನ್ನು ಎಣ್ಣೆ ಹೇಳಲಿ ಎಂದೆ.

ಎಣ್ಣೆ ಹೇಳಿತು. ಆದರೆ ಅದಕ್ಕೆ ಮುಂಚೆ ಪುಸ್ತಕ ತೆರೆದೆವು. ಯಜಮಾನರ ಸ್ನೇಹಿತರೊಬ್ಬರು, "ತಿರುವಿನಲ್ಲಿ ನಡುಗಿದರೆ ಒಂದು ಸೀಸೆ ಘರ್ಷಣೆ ತಗ್ಗಿಸುವ ಮದ್ದು ಹಾಕಿಬಿಡು" ಎಂದು ಸಲಹೆ ಕೊಟ್ಟು ಸೀಸೆಯನ್ನೂ ತಂದಿಟ್ಟಿದ್ದರು. ಗಾಡಿಯ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇಪ್ಪತ್ತೊಂದು ವರ್ಷದಿಂದ ಮಲಗಿದ್ದ ಕೈಪಿಡಿಯನ್ನು ತೆಗೆದು ಓದಿದೆ. 75 ಡಬ್ಲ್ಯು 90 ದರ್ಜೆಯ ಸಿಂಥೆಟಿಕ್ ಗೇರ್ ಆಯಿಲ್ ಸಾಕು, ಮತ್ತೇನನ್ನೂ ಬೆರೆಸಬಾರದು ಎಂಬ ಸೂಚನೆ ಅಲ್ಲಿತ್ತು. ಕ್ಲಚ್ ಬಿಲ್ಲೆಗಳಿರುವ ಬೇರೆ ಬಗೆಯ ಡಿಫರೆನ್ಷಿಯಲ್‌ಗಳಿಗೆ ಆ ಮದ್ದು ಬೇಕಾಗುತ್ತದೆ, ನಿಜ. ಈ ಲಾಕರ್‌ಗೆ ಹಾಕಿದರೆ ಬಿಲ್ಲೆಗಳು ಜಾರಿ, ಬೇಕಾದಾಗ ಬಿಗಿಯದೆ ಹೋಗಬಹುದು. ಒಬ್ಬರ ಔಷಧಿಯನ್ನು ಇನ್ನೊಬ್ಬರಿಗೆ ಕುಡಿಸಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇಲ್ಲಿಗೂ ಸಲ್ಲುತ್ತದೆ. ಸೀಸೆಯನ್ನು ವಂದನೆಗಳೊಂದಿಗೆ ಹಿಂದಿರುಗಿಸಿದೆವು.

ಎಣ್ಣೆ ಬದಲಿಸುವುದರಲ್ಲಿ ಒಂದು ಕ್ರಮವಿದೆ. ತುಂಬುವ ಬಾಯಿಯ ಬಿರಡೆಯನ್ನು ಮೊದಲು ಸಡಿಲಿಸಿಕೊಳ್ಳಬೇಕು. ಡೆಟ್ರಾಯಿಟ್ ನಗರದ ಅಡಿಯಲ್ಲಿ ಸಾವಿರ ಅಡಿಗೂ ಮೀರಿದ ಆಳದಲ್ಲಿ ಉಪ್ಪಿನ ಗಣಿಯಿದೆ. ಆ ಸೀಮೆಯ ರಸ್ತೆಗಳಲ್ಲಿ ಹಿಮ ಕರಗಿಸಲು ಚಳಿಗಾಲವಿಡೀ ಉಪ್ಪು ಸುರಿಯುತ್ತಾರೆ. ಗಾಡಿಯ ತಳವೆಲ್ಲ ತುಕ್ಕು. ಹಳೆಯ ಎಣ್ಣೆಯನ್ನು ಹೊರಚೆಲ್ಲಿದ ಮೇಲೆ ಬಿರಡೆ ಕದಲದಿದ್ದರೆ ಗಾಡಿ ಅಲ್ಲೇ ಕೂರುತ್ತದೆ, ಸೋಮವಾರದ ಡಯಾಲಿಸಿಸ್ ತಪ್ಪುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿದ್ದರಿಂದ ಬಿರಡೆ ಕದಲಿತು. ತಳದಲ್ಲಿ ಬಸಿಯುವ ದಾರಿ ಇರಲಿಲ್ಲ. ಹಿಂಬದಿಯ ಮುಚ್ಚಳವನ್ನೇ ಬಿಚ್ಚಬೇಕಾಯಿತು. ಇನ್ನೊಂದು ಎಚ್ಚರಿಕೆಯನ್ನು ನನ್ನ ವಿದ್ಯಾರ್ಥಿಗಳು ನೆನಪಿಡಬೇಕು. ಲಾಕರ್ ಇರುವ ಗಾಡಿಯಲ್ಲಿ ಒಂದು ಹಿಂಚಕ್ರವನ್ನು ಮಾತ್ರ ಜಾಕಿನಿಂದ ಎತ್ತಿ ಎಂಜಿನ್ ಓಡಿಸಿ ಗೇರಿಗೆ ಹಾಕಬಾರದು. ಲಾಕ್ ಬಿಗಿದರೆ ನೆಲದ ಮೇಲಿರುವ ಚಕ್ರ ಗಾಡಿಯನ್ನು ಜಾಕಿನಿಂದ ಕೆಳಕ್ಕೆ ಎಳೆದುಬಿಡುತ್ತದೆ. ನಾವು ಎಂಜಿನ್ ಆರಿಸಿ, ಮುಂಚಕ್ರಗಳಿಗೆ ಅಡೆ ಕೊಟ್ಟು, ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಿಯೇ ಕೆಲಸಕ್ಕಿಳಿದೆವು.

ಮುಚ್ಚಳ ಸಡಿಲಿಸಿದೊಡನೆ ಗಂಧಕದ ವಾಸನೆ ಗರಾಜನ್ನೆಲ್ಲ ತುಂಬಿತು. ಪ್ರಯೋಗಶಾಲೆಯ ನೆನಪಾಯಿತು. ಹಲ್ಲುಗಳ ನಡುವಿನ ಭಾರೀ ಒತ್ತಡವನ್ನು ತಾಳಲೆಂದು ಗೇರ್ ಆಯಿಲ್‌ಗೆ ಗಂಧಕದ ಸಂಯುಕ್ತಗಳನ್ನು ಸೇರಿಸಿರುತ್ತಾರೆ. ಎಣ್ಣೆ ಕಪ್ಪಾಗಿ, ತೆಳ್ಳಗಾಗಿ, ಸುಟ್ಟಂತಿತ್ತು. ಎಷ್ಟು ವರ್ಷದ್ದೆಂದು ಯಜಮಾನರಿಗೇ ನೆನಪಿಲ್ಲ. ಒಳಗಿನ ಅಯಸ್ಕಾಂತವನ್ನು ಒರೆಸಿ ನೋಡಿದೆವು. ಬೂದು ಬಣ್ಣದ ನುಣುಪಾದ ಕೆಸರು ಮಾತ್ರ ಇತ್ತು. ಅದು ವಯಸ್ಸಿನ ಸಹಜ ಸವೆತ. ಲೋಹದ ಚೂರುಗಳಾಗಲಿ ಹಲ್ಲಿನ ತುಣುಕಾಗಲಿ ಇದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು. ಎಣ್ಣೆ ಹಾಲಿನಂತೆ ಬೆಳ್ಳಗಾಗಿರಲಿಲ್ಲ, ಹಾಗಾಗಿ ನೀರೂ ಸೇರಿರಲಿಲ್ಲ. ಕ್ರೌನ್ ಚಕ್ರದ ಒಂದೊಂದು ಹಲ್ಲನ್ನೂ ಟಾರ್ಚ್ ಬೆಳಕಿನಲ್ಲಿ ನೋಡಿ, ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡೆವು. ಮುಕ್ಕಾದದ್ದು ಒಂದೂ ಕಾಣಲಿಲ್ಲ. ಒರೆಸಿ, ಹೊಸ ಗ್ಯಾಸ್ಕೆಟ್ ಇಟ್ಟು, ಹೊಸ ಎಣ್ಣೆಯನ್ನು ಬಾಯಿಯ ಕೆಳಅಂಚಿನವರೆಗೆ ತುಂಬಿದೆವು. ಹಿಂದಕ್ಕೆ ಒಂದೇ ಅಳತೆಯ ಎರಡು ಟೈರು ಹಾಕಿಸಿ, ಹಳೆಯ ಪಾರ್ಕಿಂಗ್ ಜಾಗದಲ್ಲಿ ಮತ್ತೆ 8 ಹೊಡೆಸಿದೆವು, ಹೊಸ ಎಣ್ಣೆ ಬಿಲ್ಲೆಗಳ ನಡುವೆ ಇಳಿಯಲೆಂದು. ಮೊದಲ ನಾಲ್ಕು ಸುತ್ತಿನಲ್ಲಿ ನಡುಕ ಹಾಗೆಯೇ ಇತ್ತು. ಯಜಮಾನರ ಮುಖ ಬಾಡಿತು. ಹತ್ತನೆಯದಕ್ಕೆ ಕಡಿಮೆಯಾಯಿತು. ಒಂದು ವಾರದ ಓಡಾಟದ ನಂತರ ಗಡಗಡ ನಿಂತೇಹೋಯಿತು.

ಉಳಿದದ್ದು ಢಬ್ ಮತ್ತು ಟಣ್. ಎರಡರಲ್ಲಿ ಹೆದರಿಸುತ್ತಿದ್ದುದು ಢಬ್. ಅದು ಬಂದದ್ದು ಎಲ್ಲೆಲ್ಲಿ ಎಂದು ನೋಟ್‌ಬುಕ್ ನೋಡಿದರೆ: ಒದ್ದೆ ಎಲೆ, ಸಡಿಲ ಜಲ್ಲಿ, ಹುಲ್ಲಿನ ಇಳಿಜಾರು. ಪ್ರತಿ ಸಲವೂ ಒಂದು ಹಿಂಚಕ್ರ ಜಾರಿದ ಮರುಕ್ಷಣ. ಪ್ರತಿ ಸಲವೂ ಸದ್ದಿನ ಬೆನ್ನಿಗೇ ಗಾಡಿ ಮುಂದಕ್ಕೆ ಹತ್ತಿದೆ. ಅದು ಮುರಿಯುತ್ತಿರುವ ಸದ್ದಲ್ಲ, ಲಾಕ್ ಬಿಗಿಯುತ್ತಿರುವ ಸದ್ದು. ಆ ಯಂತ್ರವನ್ನು ಯಾವ ಕೆಲಸಕ್ಕಾಗಿ ಮಾಡಿದ್ದಾರೋ ಅದನ್ನು ಮಾಡುತ್ತಿರುವುದಾಗಿ ಕೂಗಿ ಹೇಳುತ್ತಿತ್ತು. ನಾಲ್ಕರಲ್ಲಿ ಅತ್ಯಂತ ಆರೋಗ್ಯಕರವಾದ ಸದ್ದು ಅದೇ.

ಅತ್ಯಂತ ಸಣ್ಣದಾಗಿದ್ದ ಟಣ್ ಡಿಫರೆನ್ಷಿಯಲ್‌ನಿಂದ ಬರುತ್ತಿರಲೇ ಇಲ್ಲ. ಎಂಜಿನ್ ಆರಿಸಿ, ಚಕ್ರಗಳಿಗೆ ಅಡೆಯಿಟ್ಟು, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ನಿನ ಬಲವನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಅಳಿಯಂದಿರು ಎರಡು ಕೈಯಲ್ಲಿ ಹಿಡಿದು ತಿರುಚಿದಾಗ ಹಿಂದಿನ ಯು ಜಾಯಿಂಟ್ ಸಡಿಲವಾಗಿ ಆಡಿತು. ಅದರ ಬಟ್ಟಲುಗಳ ಸುತ್ತ ಕುಂಕುಮದಂಥ ಕೆಂಪು ತುಕ್ಕಿನ ಪುಡಿ. ಒಳಗಿನ ಗ್ರೀಸ್ ಒಣಗಿ ಸೂಜಿಯಂಥ ಬೇರಿಂಗುಗಳು ಪುಡಿಯಾಗುತ್ತಿದ್ದುದರ ಗುರುತು ಅದು. ಹೆದ್ದಾರಿಯ ವೇಗದಲ್ಲಿ ಆ ಜಾಯಿಂಟ್ ಮುರಿದರೆ ತಿರುಗುತ್ತಿರುವ ಶಾಫ್ಟ್ ಕೆಳಕ್ಕೆ ಬೀಳುತ್ತದೆ. ಆ ಮಧ್ಯಾಹ್ನ ಗಾಡಿಯ ಕೆಳಗಿನಿಂದ ಹೊರಬಂದ ಅಳಿಯಂದಿರು ಮಾತಾಡದೆ ಕೈ ಒರೆಸಿಕೊಂಡದ್ದು ನನಗಿನ್ನೂ ನೆನಪಿದೆ. ನಾವಂದುಕೊಂಡಿದ್ದ ಕಟ್ಟಳೆಯಂತೆ ನೋಟ್‌ಬುಕ್ಕನ್ನೂ ಚಿತ್ರಗಳನ್ನೂ ಹಿಡಿದು ಪಕ್ಕದ ಊರಿನ ಒಂದು ಸಣ್ಣ ಗ್ಯಾರೇಜಿಗೆ ಹೋದೆವು. ವಯಸ್ಸಾದ ಮೆಕ್ಯಾನಿಕ್ ಪುಟಗಳನ್ನು ತಿರುವಿ ಹಾಕಿ, ಗಾಡಿಯನ್ನು ಮೇಲೆತ್ತಿಸಿ ಬೇರಿಂಗುಗಳನ್ನೆಲ್ಲ ತಾನೇ ಪರೀಕ್ಷಿಸಿದ. "ಡಿಫರೆನ್ಷಿಯಲ್ ಮುಟ್ಟಬೇಡಿ, ಜಾಯಿಂಟನ್ನು ಇವತ್ತೇ ಬದಲಿಸಿ" ಎಂದ. ಹಿಂದಿನ ಅಂದಾಜುಪಟ್ಟಿಯ ಇಪ್ಪತ್ತರಲ್ಲೊಂದು ಪಾಲಿನಲ್ಲಿ ಆ ಕೆಲಸ ಮುಗಿಯಿತು.

ಈ ಪ್ರಸಂಗವನ್ನು ಯೋಚಿಸಿದಾಗಲೆಲ್ಲ ನನಗೆ ತರಗತಿಯೇ ಕಣ್ಣಮುಂದೆ ಬರುತ್ತದೆ. ಸದ್ದಿನ ಗಾತ್ರಕ್ಕೂ ಅಪಾಯದ ಗಾತ್ರಕ್ಕೂ ಸಂಬಂಧವಿಲ್ಲ. ಎದ್ದು ನಿಂತು ಜೋರಾಗಿ ಪ್ರಶ್ನೆ ಕೇಳುವ ಹುಡುಗನನ್ನು ತಂಟೆಕೋರನೆಂದು ಹೆಸರಿಟ್ಟು ಕೂರಿಸುವವರಿದ್ದಾರೆ. ಅವನ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆ, ಅಷ್ಟೆ. ಹಾಜರಿ ಕರೆದಾಗ ದನಿ ಒಂದಿಷ್ಟು ಇಳಿದ ಹುಡುಗಿಯನ್ನು ಯಾರೂ ಗಮನಿಸುವುದಿಲ್ಲ. ವರ್ಷ ಕಳೆಯುವಷ್ಟರಲ್ಲಿ ಅವಳು ಶಾಲೆಯನ್ನೇ ಬಿಟ್ಟಿರುತ್ತಾಳೆ. ಎಲ್ಲವನ್ನೂ ಒಂದೇ ಹೆಸರಿನಡಿ ತಂದು 'ಈ ತರಗತಿಯೇ ಕೆಟ್ಟದ್ದು' ಎನ್ನುವುದು ಸುಲಭ. 'ಇದರ ಡಿಫರೆನ್ಷಿಯಲ್ ಹೋಗಿದೆ' ಎನ್ನುವುದೂ ಅಷ್ಟೇ ಸುಲಭ. ಆ ಮೂರು ಸಾವಿರ ಡಾಲರನ್ನು ಸಾಲ ಮಾಡಿ ಸುರಿದಿದ್ದರೂ ಆ ಜಾಯಿಂಟ್ ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತಿತ್ತೋ ಏನೋ.

ಡಿಸೆಂಬರ್ ಕೊನೆಯ ವಾರ ಭಾರೀ ಹಿಮಗಾಳಿ ಬೀಸಿತು. ಒಂದು ಮುಂಜಾನೆ ಆರಕ್ಕೆ ಕಿಟಕಿಯ ಬಳಿ ನಿಂತಿದ್ದೆ. ಆ ಟ್ರಕ್ಕಿನ ದೀಪಗಳು ತಗ್ಗಿನಿಂದ ಮೇಲಕ್ಕೆ ತಿರುಗಿದವು. ನಡು ಏರಿನಲ್ಲಿ ಒಂದು ಚಕ್ರ ಜಾರಿತು, ಗಾಡಿ ಅರೆಕ್ಷಣ ನಿಂತಿತು. ಮುಚ್ಚಿದ ಕಿಟಕಿಯೊಳಕ್ಕೂ 'ಢಬ್' ಎಂದು ಕೇಳಿಸಿತು. ಗಾಡಿ ಹತ್ತಿತು. ಒಳಗೆ ಕುಳಿತಿದ್ದ ಆ ತಾಯಿ ಉಣ್ಣೆಯ ಟೋಪಿ ಹಾಕಿಕೊಂಡು ಮುಂದೆ ನೋಡುತ್ತಿದ್ದರು. ಅವರಿಗೆ ಅದು ಎಂದಿನ ಶುಕ್ರವಾರ. ಆ ಚಳಿಗಾಲದಲ್ಲಿ ಒಂದು ದಿನವೂ ಚಿಕಿತ್ಸೆ ತಪ್ಪಲಿಲ್ಲವೆಂದು ಮಾರ್ಚ್‌ನಲ್ಲಿ ಯಜಮಾನರು ಬರೆದ ಎರಡೇ ಸಾಲಿನ ಪತ್ರವನ್ನು ಮಗಳು ಮೊಬೈಲಿನಲ್ಲಿ ಕಳುಹಿಸಿದಳು. ಗುಂಯ್ ಎನ್ನುವುದು ಪೂರ್ತಿ ಹೋಗಿಲ್ಲ, ತುಸು ಉಳಿದಿದೆ, ತಿಂಗಳಿಗೊಮ್ಮೆ ಎಣ್ಣೆಯ ಮಟ್ಟ ನೋಡುತ್ತಿದ್ದೇನೆ ಎಂದೂ ಅದರಲ್ಲಿತ್ತು. ಇಪ್ಪತ್ತೆರಡು ವರ್ಷದ ಗಾಡಿಗೂ ಅರವತ್ತು ದಾಟಿದ ಮಂಡಿಗೂ ಅಷ್ಟು ಸದ್ದು ಇದ್ದೇ ಇರುತ್ತದೆ.

ನಿಮ್ಮಲ್ಲಿ ಅನೇಕರು ಈಗ ಜೀಪು, ಪಿಕಪ್, ಟ್ರ್ಯಾಕ್ಟರ್ ಇಟ್ಟುಕೊಂಡಿದ್ದೀರಿ. ಕೆಲವರು ಚಾರ್ಮಾಡಿ, ಶಿರಾಡಿ ಘಾಟಿಗಳಲ್ಲಿ ದಿನವೂ ಓಡಾಡುತ್ತೀರಿ. ಹಿಂಬದಿಯಿಂದ ಸದ್ದು ಬಂದರೆ ಗ್ಯಾರೇಜಿಗೆ ಹೋಗುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ತಿರುವಿನಲ್ಲೋ ನೇರದಲ್ಲೋ, ಆಕ್ಸಿಲರೇಟರ್ ಒತ್ತಿದಾಗಲೋ ಬಿಟ್ಟಾಗಲೋ, ಬಿಸಿಯಾದ ಮೇಲೋ ಮೊದಲೋ, ಗೇರ್ ಬದಲಿಸಿದಾಗಲೋ ಎಂದು ಬರೆದುಕೊಳ್ಳಿ. ಎರಡು ಹಿಂಚಕ್ರಗಳ ಟೈರು ಒಂದೇ ಅಳತೆಯವೇ ನೋಡಿ. ಕೈಪಿಡಿ ಓದಿ. ಆಮೇಲೆ ಆ ಹಾಳೆಯನ್ನು ಮೆಕ್ಯಾನಿಕ್‌ನ ಕೈಗೆ ಕೊಡಿ. ಒಳ್ಳೆಯ ಮೆಕ್ಯಾನಿಕ್ ಆದರೆ ಅದನ್ನು ಓದುತ್ತಾನೆ. ಓದದೆ ಬದಿಗಿಟ್ಟರೆ ಇನ್ನೊಬ್ಬನನ್ನು ಹುಡುಕಿ.